ಬದನೆ ಗಿಡದ ವರ್ಗಾವಣೆ

ನಮ್ಮ ಹಿತ್ತಲಿನ ಬದನೆ ಗಿಡಕ್ಕೆ ನಾನು ವರ್ಗಾವಣೆ ಆದೇಶ ಹೊರಡಿಸಿದ ದಿನ ಮಧ್ಯಾಹ್ನದ ಊಟಕ್ಕೆ ಬರೀ ತಿಳಿಸಾರು. ಅದು ಪ್ರತಿಭಟನೆ ಎಂದು ನನ್ನಾಕೆ ಬಾಯಿಬಿಟ್ಟು ಹೇಳಲಿಲ್ಲ. ಉಪ್ಪಿಲ್ಲದ ಸಾರು ತಾನೇ ಹೇಳಿತು.

ಹಿತ್ತಲು ಎಂದ ಕೂಡಲೇ ಯಾರೂ ದೊಡ್ಡದಾಗಿ ಊಹಿಸಿಕೊಳ್ಳಬಾರದು. ದಾವಣಗೆರೆಯ ವಿದ್ಯಾನಗರದಲ್ಲಿ ಸೈಟು ಕೊಂಡು, ಮನೆ ಕಟ್ಟಿ, ಕಾರು ಕೊಳ್ಳುವ ಆಸೆಗೆ ಒಂದಿಷ್ಟು ಜಾಗ ಬಿಟ್ಟು, ಆ ಆಸೆ ತೀರದೆ ಉಳಿದ ಮಣ್ಣು ಅದು. ಅದರಲ್ಲಿ ನಾಲ್ಕು ಪಾತಿ. ಅಡುಗೆಮನೆ ಬಾಗಿಲಿಗೆ ಹತ್ತಿದ್ದು ಅಡುಗೆಮನೆ ಪಾತಿ, ನೀರಿನ ತೊಟ್ಟಿಯ ಪಕ್ಕದ್ದು ತೊಟ್ಟಿ ಪಾತಿ, ನುಗ್ಗೆ ಮರದ ಬುಡದ್ದು ನುಗ್ಗೆ ಪಾತಿ, ಹಿಂದಿನ ಗೋಡೆಗೆ ಒರಗಿದ್ದು ಕಾಂಪೌಂಡ್ ಪಾತಿ. ಈ ಕೊನೆಯದಕ್ಕೆ ಅಡುಗೆಮನೆಯಿಂದ ಹೋಗಲು ಚಪ್ಪಲಿ ಮೆಟ್ಟಬೇಕು. ಆದ್ದರಿಂದ ನನ್ನಾಕೆಯ ಲೆಕ್ಕದಲ್ಲಿ ಅದು ಗಡಿ ಜಿಲ್ಲೆ.

ಅಡುಗೆಮನೆ ಪಾತಿಯಲ್ಲಿ ಮನೆ ಕಟ್ಟಿದಾಗಿನಿಂದ ಬದನೆಯದೇ ಆಡಳಿತ. ಒಲೆಯ ಮೇಲೆ ಎಣ್ಣೆ ಕಾಯಲಿಟ್ಟು ಬಾಗಿಲಿನಿಂದ ಕೈ ಚಾಚಿದರೆ ಕಾಯಿ ಸಿಗಬೇಕು ಎಂಬುದು ಆಕೆಯ ಸಿದ್ಧಾಂತ. ಸಿದ್ಧಾಂತ ಸರಿಯೇ, ಗಿಡಗಳು ಮಾತ್ರ ಒಪ್ಪಲಿಲ್ಲ. ಎರಡು ವರ್ಷದಿಂದ ಬೆಳಿಗ್ಗೆ ಎದೆ ಸೆಟೆಸಿ ನಿಂತ ಗಿಡ ಮಧ್ಯಾಹ್ನಕ್ಕೆ ತಲೆ ಬಾಗಿಸುತ್ತಿತ್ತು. ಸಂಜೆ ನೀರು ಕುಡಿದು ಸ್ವಲ್ಪ ಚೇತರಿಸಿಕೊಂಡಂತೆ ನಟಿಸಿ, ಮರುದಿನ ಕೈಲಾಸ ಸೇರುತ್ತಿತ್ತು. ಸೊರಗು ರೋಗ. ಒಂದೇ ಬೆಳೆಯನ್ನು ಒಂದೇ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಕೂಡಿಸಿದರೆ ಅದರ ರೋಗವೂ ಅಲ್ಲೇ ಸಂಸಾರ ಹೂಡುತ್ತದೆ.

ಹೋದ ಬೇಸಿಗೆಯಲ್ಲಿ ಕೊನೆಯ ಗಿಡವೂ ಸೊರಗಿದಾಗ ಆಕೆ ತೀರ್ಪು ಕೊಟ್ಟಳು.

"ಸಾಕ್ರಿ ಈ ಮಣ್ಣಿನ ಸಹವಾಸ. ಟೈಲ್ಸ್ ಹಾಕಿಸಿಬಿಡಾಣ. ಹಪ್ಪಳ ಒಣಗಿಸಾಕರ ಬರ್ತೈತೆ."

ನಾನು ಇದನ್ನು ಸಿಟ್ಟಿನ ಮಾತು ಎಂದುಕೊಂಡೆ. ಸಂಜೆಗೆ ಟೈಲ್ಸಿನವನು ಟೇಪು ಹಿಡಿದುಕೊಂಡು ಬಂದ. ನಾಲ್ಕೂ ಪಾತಿಗಳ ಮೇಲೆ, ಅವು ಆಗಲೇ ಇಲ್ಲವೇನೋ ಎಂಬಂತೆ ನಡೆದಾಡಿ ಅಳತೆ ತೆಗೆದುಕೊಂಡು, ಮಾದರಿಗೆಂದು ಒಂದು ಬೂದು ಬಣ್ಣದ ಟೈಲ್ಸು ಬಿಟ್ಟುಹೋದ. ಹಿತ್ತಲು ಹೋದರೆ ನಿವೃತ್ತ ಮನುಷ್ಯನಾದ ನನ್ನ ಪಾಲಿಗೆ ಉಳಿಯುವುದು ಮುಂಬಾಗಿಲ ಕುರ್ಚಿ, ಓದಿ ಮುಗಿದ ಪೇಪರು, ಮತ್ತು ಹೋಗಿಬರುವವರ "ಏನ್ ಸಾರ್, ಆರಾಮಾ?" ಇಷ್ಟೇ. ನಾನು ಕಾಲಾವಕಾಶ ಕೇಳಿದೆ. ಆಕೆ ಯೋಚಿಸಿ ಷರತ್ತು ಹಾಕಿದಳು.

"ಸಂಕ್ರಾಂತಿಗೆ ಹರಿಹರದ ಹೊಳಿ ದಂಡಿಗೆ ಅಕ್ಕನ ಜೋಡಿ ಊಟಕ್ಕೆ ಹೋಗ್ತೀವಲ್ಲ, ಆವತ್ತು ಅಕ್ಕನ ತಾಟಿಗೆ ನಮ್ಮ ಹಿತ್ಲಾಗಿನ ಬದ್ನಿಕಾಯಿ ಎಣ್ಣೆಗಾಯಿ ಬೀಳಬೇಕು. ಉಂಡು ಅಕ್ಕ ಹೂಂ ಅನಬೇಕು. ಬಿತ್ತು, ಹಿತ್ಲು ಉಳೀತು. ಇಲ್ಲಾಂದ್ರ ಮಾರನೆ ದಿನ ಟೈಲ್ಸ್."

ಆಕೆಯ ಅಕ್ಕ ಹರಿಹರದ ಪಕ್ಕದ ಗುತ್ತೂರಿನವರು. ಹೊಲ ಉಳ್ಳವರು. ಪೇಟೆಯವರ ಮಣ್ಣಿನಲ್ಲಿ ಬೆಳೆಯುವುದು ಕಾಂಪೌಂಡು ಮಾತ್ರ ಎಂದು ಬಲವಾಗಿ ನಂಬಿದವರು. ಅವರ ಬಾಯಿಂದ "ಹೂಂ" ಹೊರಡಿಸುವುದಕ್ಕಿಂತ ಬದನೆ ಬೆಳೆಯುವುದೇ ಸುಲಭ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಕಾಲೇಜಿನಲ್ಲಿ ನಾನು ಪಾಠದ ಜೊತೆಗೆ ಟೈಮ್‌ಟೇಬಲ್ ಹಾಕುವ ಹೊಣೆಯನ್ನೂ ಹೊತ್ತಿದ್ದವನು. ನಾನು ಮಾಡಿದ ಪಾಠವನ್ನು ವಿದ್ಯಾರ್ಥಿಗಳು ಮರೆತಿದ್ದಾರೆ, ನಾನು ಹಾಕಿದ ಟೈಮ್‌ಟೇಬಲ್ಲನ್ನು ಸಹೋದ್ಯೋಗಿಗಳು ಇನ್ನೂ ಕ್ಷಮಿಸಿಲ್ಲ. ಹಾಗಾಗಿ ಬೆಳೆ ಬದಲಾವಣೆ ಎಂಬ ವಿಷಯ ಓದಿದಾಗ ನನಗೆ ಅದು ಹೊಸದೆನಿಸಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲು ಇಟ್ಟು ಚೌಕ ಮನೆಗಳನ್ನು ಎಳೆದೆ. ಅಡ್ಡಕ್ಕೆ ಪಾತಿ, ಉದ್ದಕ್ಕೆ ವರ್ಷ. ಬದನೆ ಅಡುಗೆಮನೆ ಪಾತಿಯಿಂದ ಕಾಂಪೌಂಡಿಗೆ. ಅಲ್ಲಿದ್ದ ಅಲಸಂದೆ ಅಡುಗೆಮನೆ ಪಾತಿಗೆ, ದಣಿದ ಮಣ್ಣಿಗೆ ಕಸುವು ತುಂಬುವ ವಿಶೇಷ ಕರ್ತವ್ಯದ ಮೇಲೆ. ಹೀರೆ ತೊಟ್ಟಿಗೆ. ಮೆಂತ್ಯ, ಮೂಲಂಗಿ ನುಗ್ಗೆಯ ನೆರಳಿಗೆ. ಯಾವ ಬೆಳೆಯೂ, ಅದರ ಬಳಗದ ಇನ್ನೊಂದು ಬೆಳೆಯೂ, ಮೂರು ವರ್ಷ ಕಳೆಯದೆ ಹಳೆಯ ಜಾಗಕ್ಕೆ ಮರಳತಕ್ಕದ್ದಲ್ಲ. ಕೆಳಗೆ ಸಹಿ ಹಾಕಿ ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದೆ. ತಿಳಿಸಾರು ಆದದ್ದು ಆವತ್ತೇ.

ಮರುದಿನದಿಂದ ವಶೀಲಿ ಶುರುವಾಯಿತು.

"ಬದ್ನಿ ಅಲ್ಲಿಗೆ ಹೋಗ್ಲಿ, ಬ್ಯಾಡ ಅನ್ನಲ್ಲ. ಈ ಪಾತಿಗೆ ಟೊಮೆಟೊನಾದ್ರೂ ಹಾಕ್ರಿ. ಸಾರಿಗೆ ಕೈಗೆ ಸಿಗ್ತಾವೆ."

"ಟೊಮೆಟೊ ಬದನೆಯ ಬಳಗ. ಅದೇ ರೋಗ ಅದಕ್ಕೂ ಬರುತ್ತದೆ."

"ಅದು ಕೆಂಪಗೈತೆ, ಇದು ನೇರಳೆ. ಅದೆಂಗೆ ಬಳಗ ಆಗ್ತೈತೆ? ಹೋಗ್ಲಿ, ಮೆಣಸಿನಕಾಯಿ?"

"ಅದೂ ಅದೇ ಬಳಗ."

"ನೀವು ಯಾವುದು ಹೇಳಿದ್ರೂ ಅದೇ ಬಳಗ ಅಂತೀರಿ."

ಸಸ್ಯಶಾಸ್ತ್ರ ಸೋತಲ್ಲಿ ಸಂಪ್ರದಾಯ ಕೈಹಿಡಿಯಿತು. ನಮ್ಮ ಮಂದಿಯಲ್ಲಿ ಹೆಣ್ಣು ಗಂಡು ನೋಡುವಾಗ ಜಾತಕಕ್ಕಿಂತ ಮೊದಲು ಕೇಳುವುದು ಬೆಡಗು. ಒಂದೇ ಬೆಡಗಿನವರೆಂದರೆ ಅಣ್ಣತಮ್ಮಂದಿರ ಲೆಕ್ಕ, ಅವರೊಳಗೆ ಕೊಟ್ಟು ತರುವ ಮಾತೇ ಇಲ್ಲ. ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ: "ನೋಡು, ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ, ಎಲ್ಲಾ ಒಂದೇ ಬೆಡಗು."

ಆಕೆಯ ಕೈಯಲ್ಲಿದ್ದ ಸೌಟು ನಿಂತಿತು.

"ಅಯ್ಯ. ಮೊದ್ಲೇ ಹಂಗ ಹೇಳಬಾರದೇನ್ರಿ? ಇಷ್ಟು ವರ್ಷ ಬದ್ನಿ ಮ್ಯಾಲೆ ಬದ್ನಿ ಹಚ್ಚಿ ಎಂಥಾ ತಪ್ಪು ಮಾಡಿಸೀರಿ ನೀವು."

ತಪ್ಪು ನನ್ನ ಹೆಸರಿಗೆ ವರ್ಗವಾದರೂ ಯೋಜನೆ ಉಳಿಯಿತು. ಅಂದಿನಿಂದ ಆಕೆ ನನಗಿಂತ ಕಟ್ಟುನಿಟ್ಟು. ತರಕಾರಿಯವಳು ಬಾಗಿಲಿಗೆ ಬಂದರೆ ಕೊತ್ತಂಬರಿಯ ಬೆಡಗು ಯಾವುದು, ಗಜ್ಜರಿಗೆ, ಅಂದರೆ ಕ್ಯಾರೆಟ್ಟಿಗೆ, ಅದು ಏನಾಗಬೇಕು ಎಂಬ ವಿಚಾರಣೆ. ಎರಡೂ ಒಂದೇ ಎಂದು ನಾನು ಹೇಳಿದಾಗ, "ಮಾರಿ ನೋಡಿದ್ರೆ ಗೊತ್ತಾಗ್ತೈತೆ, ಸೊಪ್ಪು ಒಂದೇ ನಮೂನಿ ಐತೆ" ಎಂದು ತಾನೇ ಮೊದಲು ಕಂಡುಹಿಡಿದವಳಂತೆ ತಲೆಯಾಡಿಸಿದಳು.

ಗಣಪತಿ ಹಬ್ಬ ಮುಗಿದ ಮೇಲೆ ಕಾಂಪೌಂಡ್ ಪಾತಿಗೆ ಬದನೆ ಸಸಿ ನೆಟ್ಟೆವು. ಮುಳ್ಳುಗಾಯಿಯ ಜಾತಿ, ನೇರಳೆ ಮೈಮೇಲೆ ಬಿಳಿ ಗೀರು. ಸಸಿಗಳು ಹೊಸ ಜಾಗದಲ್ಲಿ ಚಾರ್ಜ್ ತೆಗೆದುಕೊಂಡು ನೆಟ್ಟಗೆ ನಿಂತವು. ಮಧ್ಯಾಹ್ನ ಮೂರರ ಬಿಸಿಲಿಗೂ ತಲೆ ಬಾಗಿಸಲಿಲ್ಲ. ಎಲ್ಲವೂ ಯೋಜನೆಯ ಪ್ರಕಾರ ನಡೆಯುತ್ತಿತ್ತು. ಹಾಗೆ ನಡೆಯುವಾಗ ಹುಷಾರಾಗಿರಬೇಕು ಎಂದು ಟೈಮ್‌ಟೇಬಲ್ ಹಾಕಿದ ಯಾರಿಗಾದರೂ ಗೊತ್ತು.

ಸೀಗೆ ಹುಣ್ಣಿಮೆ ಬಂತು. ಆ ಹೊತ್ತಿಗೆ ಭೂಮಿತಾಯಿ ತುಂಬು ಬಸುರಿ, ಆಕೆಗೆ ಬಯಕೆಯ ಊಟ ಮಾಡಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಮಾಡಿದ ಅಡುಗೆಯನ್ನೆಲ್ಲ ಒಂದು ಬುಟ್ಟಿಯಲ್ಲಿ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಗುತ್ತೂರಿನ ಹೊಲಕ್ಕೆ ಚೆಲ್ಲಿ ಮುಗಿಸಿದ ಅಕ್ಕ, ಬುಟ್ಟಿಯಲ್ಲಿ ಉಳಿದದ್ದನ್ನು ಬಿಳಿ ಬಟ್ಟೆ ಮುಚ್ಚಿಕೊಂಡು, ಗಂಡನ ಸಣ್ಣ ಗೂಡ್ಸ್ ಗಾಡಿಯಲ್ಲಿ ಸಂಜೆ ನಮ್ಮ ಮನೆಗೆ ಬಂದಿಳಿದರು.

"ಮೇಷ್ಟ್ರೇ, ನಿಮ್ಮ ಹೊಲಕ್ಕೂ ಚರಗ ಚೆಲ್ಲಾಕ ಬಂದೀವಿ. ಎಲ್ಲೈತ್ರಿ ಹೊಲ?"

"ಅದರ ಮೇಲೇ ನಿಂತೀರಿ ಅಕ್ಕಾರೆ."

ಅಕ್ಕ ಕಾಲು ತೆಗೆದು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಚರಗ ಎರಚಿದರು. ಎಕರೆಗೆ ಪಳಗಿದ ಕೈ ಅದು, ನಾಲ್ಕು ಪಾತಿಗೆ ಬಗ್ಗಲಿಲ್ಲ. ಒಂದು ಹಿಡಿ ನುಗ್ಗೆ ಮರದ ತಲೆ ದಾಟಿತು. ಇನ್ನೊಂದು ಪಕ್ಕದ ಮನೆಯ ಸ್ಕೂಟರಿನ ಸೀಟಿನ ಮೇಲೆ ಹರಡಿತು. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅವರು ಹಿಂದಿನಿಂದ, ಚರಗ ಚೆಲ್ಲುವಾಗಿನ ವಾಡಿಕೆಯಂತೆ, "ಹುಲಿಗ್ಯೋ" ಎಂದು ಕೂಗಿದ ಕೂಗಿಗೆ ಎದುರಿನ ಹಾಸ್ಟೆಲಿನ ಹುಡುಗಿಯರೆಲ್ಲ ಬಾಲ್ಕನಿಗೆ ಬಂದರು. ಎರಡನೆಯ ಸಲ ಕೂಗಿದಾಗ ಅವರೂ ಮೇಲಿನಿಂದ "ಹುಲಿಗ್ಯೋ" ಎಂದರು. ಷಡ್ಡಕರಿಗೆ ಇಂಥ ಉತ್ತರ ಗುತ್ತೂರಿನ ಹೊಲದಲ್ಲಿ ಎಂದೂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ, ಚರಗ ಮುಗಿದ ಮೇಲೂ ಎರಡು ಸಲ ಕೂಗಿದರು. ನಾನು ಖಾಲಿ ಬುಟ್ಟಿ ಹಿಡಿದು, ನಾಲ್ಕೂ ದಿಕ್ಕಿಗೆ ಕೈಮುಗಿದು, ಜಮೀನ್ದಾರನ ಗಾಂಭೀರ್ಯದಿಂದ ನಿಂತಿದ್ದೆ.

ಆ ಬುಟ್ಟಿಯಲ್ಲಿ ಅನ್ನ, ಕಡುಬು, ಪಲ್ಯಗಳ ಜೊತೆಗೆ ಹಣ್ಣು ಟೊಮೆಟೊ ಹೆಚ್ಚಿ ಹಾಕಿದ ಹಸಿ ಪಚಡಿಯೂ ಇತ್ತು. ಬೆಂದದ್ದನ್ನು ಭೂಮಿತಾಯಿ ಉಂಡಳು. ಬೇಯದ್ದನ್ನು ಬಿತ್ತನೆ ಎಂದು ತಿಳಿದಳು.

ದೀಪಾವಳಿಯ ಹೊತ್ತಿಗೆ ನಾಲ್ಕೂ ಪಾತಿಗಳಲ್ಲಿ ಟೊಮೆಟೊ. ಅಲಸಂದೆಯ ಸಾಲಿನ ನಡುವೆ ಟೊಮೆಟೊ, ಹೀರೆಯ ಚಪ್ಪರದ ಕೆಳಗೆ ಟೊಮೆಟೊ. ಬದನೆಯ ಬುಡದಲ್ಲಂತೂ ತುಂಬಿದ ಬಸ್ಸಿನ ಹಾಗೆ ಒತ್ತಿಕೊಂಡು ನಿಂತಿದ್ದವು. ಯಾವ ಬೆಡಗನ್ನು ಅಡುಗೆಮನೆ ಪಾತಿಯಿಂದ ಗಡಿಪಾರು ಮಾಡಿದ್ದೆನೋ ಅದೇ ಬೆಡಗು ಸಪರಿವಾರ ಹಿಂತಿರುಗಿತ್ತು. ನಾನು ಕಳೆಗುದ್ದಲಿ ತೆಗೆದುಕೊಂಡು ಬಗ್ಗಿದೆ.

"ಕೈ ತೆಗೀರಿ" ಎಂದಳು ನನ್ನಾಕೆ ಬಾಗಿಲಿನಿಂದ. "ಚರಗದಾಗ ಹುಟ್ಟಿದ್ದನ್ನ ಕಿತ್ತು ಎಸೀತಾರೇನು? ಬಸುರಿ ಉಂಡಿದ್ದನ್ನ ಕಕ್ಕಿಸಿದಂಗಾತು."

"ಬಿಟ್ಟರೆ ಅಡುಗೆಮನೆ ಪಾತಿಯ ರೋಗಕ್ಕೆ ಮತ್ತೆ ಊಟ ಸಿಗುತ್ತದೆ. ಬದನೆಗೆ ಗೊಬ್ಬರ ಉಳಿಯುವುದಿಲ್ಲ, ಸಂಕ್ರಾಂತಿಗೆ ಕಾಯಿ ಇರುವುದಿಲ್ಲ. ನಿನ್ನದೇ ಷರತ್ತು."

ಆಕೆ ಹೊಸ್ತಿಲ ಮೇಲೆ ಕುಳಿತಳು. ಒಂದು ಕಡೆ ಭೂಮಿತಾಯಿ, ಇನ್ನೊಂದು ಕಡೆ ಟೈಲ್ಸು. ಟೊಮೆಟೊ ಸಸಿಗಳ ಕಡೆ ಕೈ ತೋರಿಸಿ ಕೇಳಿದಳು: "ಇವು ಬದ್ನಿ ಬೆಡಗಿನ ಹುಡುಗೇರು, ಹೌದಲ್ಲ?"

"ಹೌದು."

"ನಮ್ಮ ಬೆಡಗಿನ ಹುಡುಗೇರನ್ನ ಏನ್ ಮಾಡ್ತೀವಿ? ಮನ್ಯಾಗೇ ಇಟ್ಕೊಂತೀವಾ, ಕಿತ್ತು ಎಸೀತೀವಾ? ಬ್ಯಾರೆ ಮನಿಗೆ ಕೊಡ್ತೀವಿ."

ಹೀಗೆ ನಮ್ಮ ಬೀದಿಯಲ್ಲಿ ಟೊಮೆಟೊಗಳ ಮದುವೆ ಸೀಜನ್ ಆರಂಭವಾಯಿತು. ಬೇರಿಗೆ ಮಣ್ಣು ಮೆತ್ತಿ, ಹಳೇ ಪೇಪರು ಸುತ್ತಿ, ಜೊತೆಗೆ ಎಲೆ ಅಡಿಕೆ ಇಟ್ಟು ಆಕೆ ಮನೆಮನೆಗೆ ಹೆಣ್ಣು ಒಪ್ಪಿಸಿದಳು. ನಾನು ಹೆಣ್ಣಿನ ತಂದೆಯ ಗತ್ತಿನಲ್ಲಿ ಹಿಂದೆ ನಿಲ್ಲಬೇಕು. "ನಿಮ್ಮನ್ಯಾಗೆ ಮೊದ್ಲು ಮೆಣಸಿನಗಿಡ ಇತ್ತೇನ್ರಿ?" ಎಂದು ಮೊದಲು ವಿಚಾರಣೆ. ಇತ್ತು ಎಂದರೆ "ಹಂಗಾದ್ರ ಅದೇ ಜಾಗ ಬ್ಯಾಡ್ರಿ, ಒಂದೇ ಬೆಡಗು, ಬ್ಯಾರೆ ಕುಂಡ್ಯಾಗ ಇಡ್ರಿ." ಸ್ಕೂಟರಿನ ಮನೆಯವರಿಗೆ ಪರಿಹಾರವಾಗಿ ಎರಡು. ಹಾಸ್ಟೆಲಿಗೆ ಒಂದು ಬಕೆಟ್ ತುಂಬ. ವಾರ ಕಳೆಯುವುದರಲ್ಲಿ ಬೀಗರ ದೂರುಗಳು ಬರತೊಡಗಿದವು. ಸ್ಕೂಟರಿನ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಮೇಷ್ಟ್ರೇ, ನಿಮ್ಮ ಹುಡುಗಿ ಯಾಕೋ ಸಪ್ಪಗದಾಳೆ, ತವರಿನ ಗೊಬ್ಬರ ಒಂದು ಬುಟ್ಟಿ ಕಳಿಸ್ರಿ" ಎಂದರು. ಕಳಿಸಿದೆ. ತವರು ಎಂದ ಮೇಲೆ ತಪ್ಪುತ್ತದೆಯೇ.

ಡಿಸೆಂಬರಿನ ಚಳಿಗೆ ಬದನೆ ಹೂ ಬಿಟ್ಟಿತು, ಬಿಟ್ಟದ್ದನ್ನು ಉದುರಿಸಿತು. ಟೈಲ್ಸಿನವನು ಫೋನು ಮಾಡಿ, ಸಂಕ್ರಾಂತಿಯ ಮಾರನೆ ದಿನ ಖಾಲಿ ಇಟ್ಟುಕೊಂಡಿದ್ದೇನೆ ಎಂದ. ನಾನು ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ಕಾಂಪೌಂಡ್ ಪಾತಿಗೆ ಹೋದರೆ, ಅಲ್ಲಿ ಮಣ್ಣಿನ ಮೇಲೆ ಆಗಲೇ ನನ್ನಾಕೆಯ ಚಪ್ಪಲಿಯ ಗುರುತು. ಒಂದು ದಿನ ಬುಡದಲ್ಲಿ ಹುಳಿ ಮಜ್ಜಿಗೆಯ ವಾಸನೆ.

"ಮಜ್ಜಿಗೆ ಹೊಯ್ದವರು ಯಾರು?" ಎಂದೆ.

"ಕೆಟ್ಟಿತ್ತು, ಚೆಲ್ಲಿದೆ."

"ಅಡುಗೆಮನೆ ಪಾತಿ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಇಲ್ಲಿತನಕ ಬಂದು ಚೆಲ್ಲಿದೆಯಾ?"

"ನಿಮಗೇನ್ರಿ, ನನ್ನ ಮಜ್ಜಿಗಿ."

ಮೊಕದ್ದಮೆ ಹೂಡಿದವರೇ ರಾತ್ರೋರಾತ್ರಿ ನಮ್ಮ ಕಡೆ ವಕಾಲತ್ತು ಹಾಕಿದ್ದು ಆಗ ನನಗೆ ತಿಳಿಯಿತು. ಆದರೆ ಷರತ್ತು ಅಕ್ಕನ ಕಿವಿಗೂ ಬಿದ್ದಿತ್ತು. ಹಿಂತೆಗೆದುಕೊಂಡರೆ ಗುತ್ತೂರಿನಲ್ಲಿ ಮುಖ ತೋರಿಸುವಂತಿರಲಿಲ್ಲ.

ಮಜ್ಜಿಗೆಯ ಮಹಿಮೆಯೋ, ಚಳಿ ಇಳಿದದ್ದೋ, ಹೂ ನಿಂತು ಕಾಯಾಯಿತು. ಸಂಕ್ರಾಂತಿಯ ಬೆಳಿಗ್ಗೆ ಒಂದನ್ನೂ ಬಿಡದಂತೆ ಕಿತ್ತು ಕೊಟ್ಟೆ. ಎರಡು ಸಂಸಾರಕ್ಕೆ ಸಾಲುವಷ್ಟಿದ್ದವು. ಆಕೆ ತೊಟ್ಟು ಉಳಿಸಿಕೊಂಡು ನಾಲ್ಕು ಸೀಳು ಮಾಡಿ, ಶೇಂಗಾ, ಗುರೆಳ್ಳು, ಕೊಬ್ಬರಿ ತುಂಬಿ ಎಣ್ಣೆಯಲ್ಲಿ ಬಾಡಿಸಿದಳು. ಹರಿಹರದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಕುಳಿತಿದ್ದೆ. ಕಂಡಕ್ಟರು ಟಿಕೆಟ್ ಹರಿಯುತ್ತ ಮೂಗು ಅರಳಿಸಿ, "ಎಣ್ಣೆಗಾಯಿಗೂ ಒಂದು ಸೀಟು ಹಿಡಿಬೇಕಾಗಿತ್ತು ಸಾರ್" ಎಂದ.

ತುಂಗಭದ್ರೆಯಲ್ಲಿ ಮಿಂದು, ದಂಡೆಯ ಮೇಲೆ ಜಮಖಾನೆ ಹಾಸಿ ಕೂತೆವು. ಅಕ್ಕ ಸಜ್ಜೆ ರೊಟ್ಟಿ ಮುರಿದು ಎಣ್ಣೆಗಾಯಿ ಬಾಯಿಗಿಟ್ಟರು. ನನ್ನಾಕೆ ಮೊಸರನ್ನದ ಡಬ್ಬಿಯ ಮುಚ್ಚಳ ತೆಗೆಯುವುದನ್ನು ಮರೆತಳು. ಅಕ್ಕ ಅಗಿದರು, ಹೊಳೆ ನೋಡಿದರು, ಮತ್ತೆ ಅಗಿದರು.

"ಛಲೋ ಐತೆ" ಎಂದರು. "ಸಂತಿದು."

"ಸಂತಿದಲ್ಲಕ್ಕಾ, ನಮ್ಮ ಹಿತ್ಲಾಗಿಂದು."

"ಪ್ಯಾಟಿ ಮಣ್ಣಾಗ ಇಷ್ಟು ಮೆತ್ತನ ಬದ್ನಿಕಾಯಿ? ನನಗ ಹೇಳ್ತೀಯೇನವ್ವಾ."

"ಅಕ್ಕಾ, ಮಜ್ಜಿಗಿ ಹಾಕಿ ಬೆಳೆಸೀನಿ" ಎಂದುಬಿಟ್ಟಳು ನನ್ನಾಕೆ. ಆಮೇಲೆ ನನ್ನ ಕಡೆ ನೋಡಲಿಲ್ಲ.

"ಹಂಗಾದ್ರ ನಡಿ, ಗಿಡ ನೋಡಾಣ" ಎಂದು ಅಕ್ಕ ಮೇಲೆದ್ದರು. ತಿಂದುಳಿದ ತೊಟ್ಟೊಂದನ್ನು ಎಲೆಯಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸಾಕ್ಷಿ ಜಪ್ತಿಯಾಯಿತು.

ಒದ್ದೆ ತಲೆಯಲ್ಲೇ ಷಡ್ಡಕರ ಗೂಡ್ಸ್ ಗಾಡಿ ಹತ್ತಿದೆವು. ಅಕ್ಕತಂಗಿಯರು ಮುಂದೆ, ನಾನು ಹಿಂದೆ ಜಮಖಾನೆಯ ಮೇಲೆ, ಡಬ್ಬಿಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು. ಎದುರುಗಾಳಿಗೆ ಪಂಚೆ ಬಾವುಟದಂತೆ ಹಾರುತ್ತಿತ್ತು. ದಾವಣಗೆರೆಯ ದಾರಿಯಲ್ಲಿ ಹಿಂದೆ ಬಂದ ಬೈಕಿನವನೊಬ್ಬ "ನಮಸ್ಕಾರ ಸಾರ್" ಎಂದ. ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು. ಸಂದರ್ಭಕ್ಕೆ ತಕ್ಕ ಘನತೆಯಿಂದ ಗದ್ದ ಅಲ್ಲಾಡಿಸಿದೆ. ಅಷ್ಟರಲ್ಲಿ ಒಂದು ವಿಷಯ ನೆನಪಾಗಿ ಗದ್ದ ಅಲ್ಲೇ ನಿಂತಿತು. ಗಿಡದಲ್ಲಿ ನಾನು ಒಂದು ಕಾಯಿಯನ್ನೂ ಬಿಟ್ಟಿರಲಿಲ್ಲ. ಪುರಾವೆಯನ್ನೆಲ್ಲ ನಾವೇ ಸೀಳಿ, ಎಣ್ಣೆಯಲ್ಲಿ ಬಾಡಿಸಿ ಕೈತೊಳೆದುಕೊಂಡಿದ್ದೆವು.

ಹಿತ್ತಲಿಗೆ ಬಂದ ಅಕ್ಕ ನೇರ ಕಾಂಪೌಂಡ್ ಪಾತಿಗೆ ಹೋದರು. ಗಿಡಗಳು ಹಸಿರಾಗಿ, ಎತ್ತರವಾಗಿ, ಪೂರ್ತಿ ಬರಿದಾಗಿ ನಿಂತಿದ್ದವು.

"ಗಿಡ ಐತೆ. ಕಾಯಿ ಎಲ್ಲಿ?"

"ನೀವು ತಿಂದ್ರಿ" ಎಂದೆ.

"ಹಂಗಂತ ಎಲ್ಲಾರೂ ಹೇಳಬಹುದು ಮೇಷ್ಟ್ರೇ."

ಅವರು ಸೆರಗಿನ ಗಂಟು ಬಿಚ್ಚಿದರು. ಹಿತ್ತಲ ಮೂಲೆಯಲ್ಲಿದ್ದ ಟೈಲ್ಸಿನವನ ಮಾದರಿ ತುಂಡನ್ನು ಎಳೆದುಕೊಂಡು ಅದರ ಮೇಲೆ ಕುಳಿತರು. ಒಂದೊಂದೇ ಕೊಂಬೆ ಬಗ್ಗಿಸಿ, ಕಿತ್ತ ಗಾಯಗಳಿಗೆ ತೊಟ್ಟು ಹಿಡಿದು ನೋಡಿದರು. ಬೆಂದು ಮೆತ್ತಗಾದ ತೊಟ್ಟು ಎಲ್ಲಕ್ಕೂ ಹೊಂದುತ್ತಿತ್ತು, ಯಾವುದಕ್ಕೂ ಹೊಂದುತ್ತಿರಲಿಲ್ಲ. ನನ್ನಾಕೆ ಹೀರೆ ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಆಕೆಗೆ ಟೈಲ್ಸು ಬೇಕೆಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆನಲ್ಲ ಎನಿಸಿತು.

"ಸ್ಸ್" ಎಂದು ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. ಕೊನೆಯ ಗಿಡದ ಬುಡದಲ್ಲಿ, ಮಣ್ಣಿಗೆ ಮುಟ್ಟಿದ ಅಗಲದ ಎಲೆಯ ಕೆಳಗೆ ಏನೋ ಮುಳ್ಳು ಚುಚ್ಚಿತ್ತು. ಎಲೆ ಎತ್ತಿದರು. ಅಲ್ಲಿ ಒಂದು ಬದನೆಕಾಯಿ, ನೇರಳೆ ಮೈಗೆ ಬಿಳಿ ಗೀರು, ಗೋಡೆಗೆ ಬೆನ್ನು ಕೊಟ್ಟು ಅಡಗಿ ಕುಳಿತಿತ್ತು. ನನ್ನ ಕಣ್ಣು ತಪ್ಪಿಸಿದ್ದಕ್ಕೆ ಅದಕ್ಕೆ ನಾನು ಜೀವಮಾನವಿಡೀ ಋಣಿ.

ಅಕ್ಕ ಅದನ್ನು ಹೊರಳಿಸಿ ನೋಡಿದರು, ಕೈಯಲ್ಲಿದ್ದ ತೊಟ್ಟನ್ನು ನೋಡಿದರು, ನನ್ನನ್ನು ನೋಡಿದರು.

"ಬೆಳೆಯಾಕ ಬರ್ತೈತೆ, ಕೀಳಾಕ ಬರಲ್ಲ ನಿಮಗ. ಇಷ್ಟು ಛಲೋ ಕಾಯಿ ಯಾಕ ಬಿಟ್ರಿ?"

"ಅಕ್ಕಾ, ಹೂಂ ಅನ್ನು" ಎಂದಳು ನನ್ನಾಕೆ.

"ಇನ್ನೂ ಹೂಂ ಬೇಕೇನು?"

"ಸುಮ್ನೆ ಹೂಂ ಅನ್ನವ್ವಾ ತಾಯಿ."

"ಹೂಂ" ಎಂದರು ಅಕ್ಕ. ವರ್ಷಕ್ಕೆ ನಾಲ್ಕು ಮಾತಿನ ಷಡ್ಡಕರು ಬಾಗಿಲಿನಿಂದ "ಹುಲಿಗ್ಯೋ" ಎಂದು ಕೂಗಿದರು. ಹಾಸ್ಟೆಲಿನ ಬಾಲ್ಕನಿ ತಪ್ಪದೆ ಉತ್ತರ ಕೊಟ್ಟಿತು.

ನನ್ನಾಕೆ ಅಲ್ಲೇ ಫೋನು ತೆಗೆದು ಟೈಲ್ಸಿನವನಿಗೆ, "ಬರೋದು ಬ್ಯಾಡಪ್ಪಾ, ಭೂಮಿ ಖಾಲಿ ಇಲ್ಲ" ಎಂದಳು. ಮಾದರಿಯ ತುಂಡು ಅಕ್ಕನ ಆಸನವಾಗಿ ಕಾಂಪೌಂಡ್ ಪಾತಿಯ ಪಕ್ಕ ಖಾಯಂ ಆಯಿತು. ಉಳಿದ ರೊಟ್ಟಿ, ಉಳಿದ ಎಣ್ಣೆಗಾಯಿಯನ್ನು ಎಲ್ಲರೂ ಅಲ್ಲೇ ನಿಂತು ತಿಂದೆವು.

ಅಕ್ಕ ಹೊರಟ ಮೇಲೆ ನಾನು ಬಾಗಿಲ ಹಿಂದಿನ ಕ್ಯಾಲೆಂಡರು ಇಳಿಸಿ, ಬದನೆಯ ಹೆಸರನ್ನು ಮುಂದಿನ ವರ್ಷದ ತೊಟ್ಟಿ ಪಾತಿಯ ಮನೆಯಲ್ಲಿ ಬರೆಯಲು ಪೆನ್ನು ಬಿಚ್ಚಿದೆ. ಹಿಂದಿನಿಂದ ಚಹಾದ ಲೋಟ ಬಂತು. ಕೇಳದೆ ಬಂದ ಚಹಾ.

"ರೀ, ಆ ಪಾತಿ ಬದ್ನಿಗೆ ಕೈ ಹತ್ತೈತೆ. ಇನ್ನೊಂದು ವರ್ಷ ಅಲ್ಲೇ ಇರ್ಲಿ ಬಿಡ್ರಿ. ಚಪ್ಪಲಿ ಮೆಟ್ಟಿ ನಾನೇ ಹೋಗ್ತೀನಿ."

"ಬೆಡಗು?" ಎಂದೆ.

"ಗೊತ್ತೈತ್ರಿ ನನಗ ಬೆಡಗು" ಎಂದು ಆಕೆ ಸಕ್ಕರೆ ಡಬ್ಬಿ ತಂದು, ಕೇಳದೆಯೇ ಇನ್ನೊಂದು ಚಮಚ ಹಾಕಿ ಕಲಕಿದಳು. ನಾನು ಚಹಾ ಪೂರ್ತಿ ಕುಡಿದೆ, ಬಹಳ ಚೆನ್ನಾಗಿತ್ತು. ಆಮೇಲೆ ಲೋಟ ಕೆಳಗಿಟ್ಟು ತೊಟ್ಟಿ ಪಾತಿಯ ಮನೆಯಲ್ಲಿ ಬದನೆ ಎಂದು ಬರೆದು ಸಹಿ ಹಾಕಿದೆ.

ರಾತ್ರಿ ಊಟಕ್ಕೆ ತಿಳಿಸಾರು ಇತ್ತು. ಉಪ್ಪು ಮಾತ್ರ ಸರಿಯಾಗಿತ್ತು.